ಶೋಕೇಸಿನಲ್ಲಿ ಸ್ವಾತಂತ್ರ್ಯೋತ್ಸವ: ಓದುಗರ ಪ್ರಶ್ನೆ, ನಮ್ಮ ಉತ್ತರ

ಶ್ರಾವಣ ಕಾಲಿಡುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ವರಮಹಾಲಕ್ಷ್ಮಿಯ ಮಂಟಪದ ಬಗ್ಗೆಯೋ ಗಣಪತಿಯ ಅಲಂಕಾರದ ಬಗ್ಗೆಯೋ ಇರುತ್ತವೆ. ಈ ಬಾರಿ ಆಗಸ್ಟ್ 15ಕ್ಕೆ ಮನೆಯ ಶೋಕೇಸು, ಕಪಾಟು, ಗೋಡೆಗೂಡುಗಳನ್ನು ಹೇಗೆ ಸಿಂಗರಿಸಬೇಕೆಂದು ಹಲವರು ಕೇಳಿರುವುದು ನನಗೆ ಸಂತೋಷ ತಂದಿದೆ. ಅವುಗಳಲ್ಲಿ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ನಡುಮನೆಯಲ್ಲಿ ಟಿ.ವಿ.ಯ ಪಕ್ಕಕ್ಕೆ ಮೂರು ಹಲಗೆಗಳ ತೆರೆದ ಕಪಾಟಿದೆ. ಪ್ರತಿ ವರ್ಷವೂ ಸ್ವಾತಂತ್ರ್ಯೋತ್ಸವಕ್ಕೆ ಮಕ್ಕಳು ತ್ರಿವರ್ಣದ ರಿಬ್ಬನ್ನು, ಬಲೂನು, ಪ್ಲಾಸ್ಟಿಕ್ ಬಾವುಟಗಳನ್ನು ತಂದು ಅದನ್ನು ತುಂಬಿಬಿಡುತ್ತಾರೆ. ಅವರ ಉತ್ಸಾಹ ಕುಂದಬಾರದು, ಆದರೆ ಮನೆ ಸಭೆಯ ವೇದಿಕೆಯ ಹಾಗೆ ಕಾಣಬಾರದು. ಏನು ಮಾಡಬಹುದು? — ಗೃಹಿಣಿಯೊಬ್ಬರು, ದಾವಣಗೆರೆ

ಕೇಸರಿ, ಬಿಳಿ, ಹಸಿರುಗಳನ್ನು ಸಮ ಅಳತೆಯಲ್ಲಿ, ಬಾವುಟದ ಕ್ರಮದಲ್ಲಿಯೇ, ಹಲಗೆ ಹಲಗೆಗೂ ಜೋಡಿಸಿದಾಗ ಕಣ್ಣಿಗೆ ಬಾವುಟದ ನಕಲುಗಳಷ್ಟೇ ಕಾಣುತ್ತವೆ; ಉಳಿದ ವಸ್ತುಗಳೆಲ್ಲ ಮರೆಯಾಗುತ್ತವೆ. ಆದ್ದರಿಂದ ಮೊದಲು ಅಳತೆಯನ್ನು ಬದಲಿಸಿ. ಬಿಳಿ ಹೆಚ್ಚಿರಲಿ, ಹಸಿರು ಅದಕ್ಕಿಂತ ಕಡಿಮೆಯಿರಲಿ, ಕೇಸರಿ ಎಲ್ಲಕ್ಕಿಂತ ಕಡಿಮೆಯಿರಲಿ. ಮೂರೂ ಒಂದರ ಪಕ್ಕದಲ್ಲೊಂದು ಬರುವ ಅಗತ್ಯವಿಲ್ಲ.

ಬಿಳಿಗೆ ಬಣ್ಣ ಹಾಕದ ಖಾದಿಯನ್ನು ಬಳಸಿ. ಕೈಯಿಂದ ನೂತು ಕೈಮಗ್ಗದಲ್ಲಿ ನೇಯ್ದ ಆ ಬಟ್ಟೆ ಅಚ್ಚ ಬಿಳಿಯಾಗಿರುವುದಿಲ್ಲ, ತುಸು ಕೆನೆಬಣ್ಣಕ್ಕೆ ತಿರುಗಿರುತ್ತದೆ, ನೂಲಿನಲ್ಲಿ ಅಲ್ಲಲ್ಲಿ ದಪ್ಪ-ತೆಳುವಿನ ಏರುಪೇರು ಇರುತ್ತದೆ. ಮರದ ಹಲಗೆಯ ಮೇಲೆ ಅದನ್ನು ಹಾಸಿದರೆ ಅದರ ಮುಂದಿಟ್ಟ ಯಾವ ವಸ್ತುವೂ ಎದ್ದು ಕಾಣುತ್ತದೆ. ನಮ್ಮ ರಾಜ್ಯದಲ್ಲಿ ಈ ಬಟ್ಟೆಗೆ ವಿಶೇಷ ಅರ್ಥವಿದೆ. ಧಾರವಾಡ ಜಿಲ್ಲೆಯ ಗರಗದಲ್ಲಿ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿಯನ್ನು ನೇಯುವ ಪರಂಪರೆಯಿದೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ದೇಶದ ಮೂಲೆಮೂಲೆಗೂ ಹೋಗುವ ಧ್ವಜಗಳು ಸಿದ್ಧವಾಗುತ್ತವೆ. ಮಕ್ಕಳಿಗೆ ಈ ವಿಷಯ ತಿಳಿಸಿ, ಹತ್ತಿರದ ಖಾದಿ ಭಂಡಾರಕ್ಕೆ ಅವರನ್ನೇ ಕರೆದುಕೊಂಡು ಹೋಗಿ ಬಟ್ಟೆ ಆರಿಸಲು ಹೇಳಿ. ಬಲೂನಿನಲ್ಲಿ ಸಿಗದ ಸಂಭ್ರಮ ಅಲ್ಲಿ ಅವರಿಗೆ ಸಿಗುತ್ತದೆಂದು ನಾನು ನಂಬಿದ್ದೇನೆ.

ಹಸಿರಿಗೆ ಕಾಗದ, ಪ್ಲಾಸ್ಟಿಕ್ಕು ಬೇಡ. ಈ ಮಳೆಗಾಲದಲ್ಲಿ ದೊಡ್ಡಪತ್ರೆಯ ಒಂದು ಸಣ್ಣ ಕುಂಡ, ಗಾಜಿನ ಬಾಟಲಿಯಲ್ಲಿ ಬೇರು ಬಿಟ್ಟ ಮನಿಪ್ಲಾಂಟಿನ ಎರಡು ಕುಡಿ ಸಾಕು. ಕೇಸರಿಗೆ ಹೂವಿದೆ. ಕನಕಾಂಬರ, ಮಲ್ಲಿಗೆಗಳ ನಡುವೆ ಮರುಗವನ್ನೋ ದವನವನ್ನೋ ಸೇರಿಸಿ ಕಟ್ಟಿದ ಮಾಲೆಯನ್ನು ನಮ್ಮ ಹೂವಾಡಗಿತ್ತಿಯರು ತಲೆತಲಾಂತರದಿಂದ ಕಟ್ಟುತ್ತ ಬಂದಿದ್ದಾರೆ. ಅದರಲ್ಲಿ ಮೂರೂ ಬಣ್ಣಗಳು ತಾವಾಗಿಯೇ ಕೂಡಿ ಬರುತ್ತವೆ. ಅಂಥ ಒಂದು ಮೊಳ ಮಾಲೆಯನ್ನು ಹಿತ್ತಾಳೆಯ ತಟ್ಟೆಯಲ್ಲಿ ಸುರುಳಿ ಸುತ್ತಿ ಮಧ್ಯದ ಹಲಗೆಯ ಒಂದು ಬದಿಗೆ ಇಟ್ಟರೆ, ದಿನದ ಅರ್ಥವನ್ನು ಬಲ್ಲವರಿಗೆ ಅದು ಸ್ವಾತಂತ್ರ್ಯೋತ್ಸವದ ಹೂವು, ಉಳಿದವರಿಗೆ ಶ್ರಾವಣದ ಹೂವು. ಇವೆಲ್ಲದರ ನಡುವೆ ಚಕ್ರದ ಕಡುನೀಲಿಯನ್ನು ನೆನಪಿಸುವ ಒಂದೇ ಒಂದು ವಸ್ತು ಇರಲಿ, ನೀಲಿ ಪಿಂಗಾಣಿ ಬಟ್ಟಲೋ ನೀಲಿ ರಟ್ಟಿನ ಪುಸ್ತಕವೋ ಆದೀತು.

ಬಣ್ಣಕ್ಕಿಂತಲೂ ನಾನು ಹೆಚ್ಚು ಬೆಲೆ ಕೊಡುವುದು ವಸ್ತು ಎಲ್ಲಿಂದ ಬಂತು ಎಂಬುದಕ್ಕೆ. ಹಾಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಬಣ್ಣವನ್ನು ಒತ್ತಿ ಹಿಡಿದು ಹೊಳಪು ಬರಿಸುವ ಚನ್ನಪಟ್ಟಣದ ಗೊಂಬೆ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಬಣ್ಣದ ಗೊಂಬೆ, ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯ ಎಳೆಗಳನ್ನು ಕೂರಿಸಿ ಬೀದರ್ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಕಪ್ಪಾಗಿಸುವ ಬಿದರಿ ಹೂಜಿ, ಇವುಗಳಲ್ಲಿ ಯಾವುದಾದರೊಂದು ನಿಮ್ಮ ಮನೆಯಲ್ಲಿ ಈಗಾಗಲೇ ಇರಬಹುದು. ತ್ರಿವರ್ಣ ಲವಲೇಶವೂ ಇಲ್ಲದ ಬಿದರಿ ಹೂಜಿಯನ್ನು ಖಾದಿಯ ಮೇಲೆ ಇಟ್ಟಾಗ ದೇಶದ ಕುಶಲತೆ ಅಲ್ಲಿ ನೇರವಾಗಿ ಕಾಣುತ್ತದೆ. ಆದರೆ ಎಲ್ಲವನ್ನೂ ಒಟ್ಟಿಗೆ ಇಡಬೇಡಿ. ಒಂದು ಹಲಗೆಗೆ ಮೂರು ವಸ್ತು, ಒಂದು ಎತ್ತರದ್ದು, ಒಂದು ಮಧ್ಯಮದ್ದು, ಒಂದು ಗಿಡ್ಡದ್ದು. ಹಲಗೆಯ ಮೂರನೆಯ ಒಂದು ಭಾಗವಾದರೂ ಖಾಲಿ ಇರಲಿ. ಮಕ್ಕಳಿಗೆ ಕೆಳಗಿನ ಹಲಗೆಯನ್ನು ಪೂರ್ತಿಯಾಗಿ ಬಿಟ್ಟುಕೊಡಿ, ಅಲ್ಲಿ ಅವರು ತಮ್ಮ ಕೈಯಾರೆ ಮಾಡಿದ್ದನ್ನು ಮಾತ್ರ ಇಡಲಿ, ಅಂಗಡಿಯಿಂದ ಕೊಂಡದ್ದು ಬೇಡವೆಂಬ ಒಂದೇ ನಿಯಮವಿರಲಿ.

ಮಳೆಗಾಲವಾದ್ದರಿಂದ ಒಂದು ಎಚ್ಚರಿಕೆ ಅಗತ್ಯ. ಹೊರಗೋಡೆಗೆ ಅಂಟಿಕೊಂಡ ಕಪಾಟಾದರೆ ಖಾದಿ ತೇವ ಹೀರಿ ಬೂಷ್ಟು ಹಿಡಿಯುತ್ತದೆ, ವಾರಕ್ಕೊಮ್ಮೆ ತೆಗೆದು ಗಾಳಿಗೆ ಹರವಿ. ಬಿದರಿಯನ್ನು ಪಾತ್ರೆ ಉಜ್ಜುವ ಪುಡಿಯಿಂದ ಎಂದೂ ತಿಕ್ಕಬೇಡಿ, ಒಣ ಬಟ್ಟೆಯಿಂದ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಪ್ರಶ್ನೆ: ಧ್ವಜದ ವಿನ್ಯಾಸವಿರುವ ದಿಂಬಿನ ಚೀಲ ಮತ್ತು ಹಲಗೆಯ ಮೇಲೆ ಹಾಸುವ ಬಟ್ಟೆ ಮಾರುಕಟ್ಟೆಗೆ ಬಂದಿವೆ. ಇವನ್ನು ಬಳಸಬಹುದೇ? ಶೆಲ್ಫಿನಲ್ಲಿ ಚಿಕ್ಕ ಧ್ವಜವನ್ನು ಇಡಬಹುದೇ? — ಓದುಗರು, ಮಂಗಳೂರು

ಮೊದಲ ಪ್ರಶ್ನೆಗೆ ಉತ್ತರ, ಬಳಸಬಾರದು. 2002ರ ಜನವರಿ 26ರಂದು ಜಾರಿಗೆ ಬಂದ ಭಾರತೀಯ ಧ್ವಜ ಸಂಹಿತೆಯು ದಿಂಬು, ಕರವಸ್ತ್ರ, ನ್ಯಾಪ್ಕಿನ್‌ಗಳ ಮೇಲೆ ಧ್ವಜವನ್ನು ಮುದ್ರಿಸುವುದನ್ನೂ ಕಸೂತಿ ಹಾಕುವುದನ್ನೂ ನಿಷೇಧಿಸಿದೆ. ಧ್ವಜವನ್ನು ತೋರಣವಾಗಿಯೋ ಇನ್ನಾವುದೇ ಬಗೆಯ ಅಲಂಕಾರವಾಗಿಯೋ ಬಳಸುವಂತಿಲ್ಲ. ಬಿಡಿ ಬಿಡಿಯಾದ ಕೇಸರಿ, ಬಿಳಿ, ಹಸಿರು ಬಣ್ಣಗಳಿಗೆ ಈ ನಿರ್ಬಂಧವಿಲ್ಲ. ಅವು ಚಕ್ರದೊಂದಿಗೆ ಕೂಡಿ ಧ್ವಜದ ರೂಪ ತಾಳಿದ ಕ್ಷಣದಿಂದ ಅದರ ಮೇಲೆ ಒರಗುವಂತಿಲ್ಲ, ಹೂದಾನಿ ಇಡುವಂತಿಲ್ಲ, ಬರೆಯುವಂತಿಲ್ಲ. ನಾಲ್ಕು ಸಿಂಹಗಳ ರಾಷ್ಟ್ರಲಾಂಛನದ ಬಳಕೆಗೂ 2005ರ ಪ್ರತ್ಯೇಕ ಕಾಯ್ದೆಯಿದೆ, ಅದರ ಸ್ಟಿಕ್ಕರುಗಳನ್ನೂ ದೂರವಿಡಿ.

ಮೇಜಿನ ಧ್ವಜವನ್ನು ಖಂಡಿತ ಇಡಬಹುದು. ಸಂಹಿತೆಯ ಪಟ್ಟಿಯಲ್ಲಿರುವ ಅತ್ಯಂತ ಚಿಕ್ಕ ಅಳತೆ 150 ಮಿ.ಮೀ. ಉದ್ದ, 100 ಮಿ.ಮೀ. ಅಗಲ, ಅದು ಮೇಜಿಗೆಂದೇ ಇರುವ ಅಳತೆ. ಯಾವ ಗಾತ್ರವಾದರೂ ಉದ್ದ ಮತ್ತು ಅಗಲದ ಪ್ರಮಾಣ 3:2 ಇರಬೇಕು, ಚಕ್ರದಲ್ಲಿ 24 ಅರೆಗಳಿರಬೇಕು; ಕೊಳ್ಳುವಾಗ ಎಣಿಸಿ ನೋಡಿ, ಅಗ್ಗದ ಬಾವುಟಗಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. 2021ರ ಡಿಸೆಂಬರಿನ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ತಯಾರಾದ ಧ್ವಜಗಳಿಗೂ ಅನುಮತಿ ದೊರೆತಿದೆಯಾದರೂ ಮನೆಗೆ ಒಂದೇ ಧ್ವಜ ತರುವವರು ಖಾದಿಯದನ್ನೇ ತರಲಿ ಎಂಬುದು ನನ್ನ ಆಗ್ರಹ. ಅದನ್ನು ಕಪಾಟಿನ ಪ್ರಮುಖ ಜಾಗದಲ್ಲಿ, ಸುತ್ತಲೂ ತೆರವು ಬಿಟ್ಟು ನಿಲ್ಲಿಸಿ. ಪ್ರೀತಿಯಿಂದಲೇ ಆದರೂ ಧ್ವಜಕಂಬದ ತುದಿಗೆ ಮಲ್ಲಿಗೆ ಸುತ್ತಬೇಡಿ, ಕಂಬದ ಮೇಲೆ ಹೂವು, ಮಾಲೆಗಳನ್ನು ಇಡಬಾರದೆಂದು ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಬಣ್ಣ ಮಾಸಿದ ಅಥವಾ ಹರಿದ ಧ್ವಜವನ್ನು ಕಸದ ಬುಟ್ಟಿಗೆ ಹಾಕದೆ, ಏಕಾಂತದಲ್ಲಿ ಗೌರವದಿಂದ ಪೂರ್ತಿಯಾಗಿ ಸುಡಬೇಕು.

ಪ್ರಶ್ನೆ: ನಮ್ಮ ತಾತ ಶಿವಪುರದ ಧ್ವಜ ಸತ್ಯಾಗ್ರಹದಲ್ಲಿ ಭಾಗವಹಿಸಿದ್ದರು. 1972ರಲ್ಲಿ ಅವರಿಗೆ ದೊರೆತ ತಾಮ್ರಪತ್ರ, ಒಂದು ಹಳೆಯ ಫೋಟೊ, ಅವರು ನೂಲುತ್ತಿದ್ದ ತಕಲಿ ಇವು ಟ್ರಂಕಿನಲ್ಲಿವೆ. ಅಜ್ಜಿ ಇವನ್ನು ಕಣ್ಣಿಗೆ ಕಾಣುವಂತೆ ಇಡಬೇಕೆಂದು ಬಯಸುತ್ತಾರೆ. ಹೇಗೆ ಜೋಡಿಸಲಿ? — ಮೊಮ್ಮಗಳು, ಮದ್ದೂರು

ನಿಮ್ಮ ಅಜ್ಜಿಯ ಬಯಕೆಯನ್ನು ಈ ಆಗಸ್ಟಿನಲ್ಲಿಯೇ ನೆರವೇರಿಸಿ. ಇಂಥ ವಸ್ತುಗಳಿರುವ ಮನೆಗೆ ಬೇರೆ ಅಲಂಕಾರದ ಅಗತ್ಯವೇ ಇಲ್ಲ. ಕಣ್ಣಿನ ಮಟ್ಟದಲ್ಲಿರುವ ಒಂದು ಹಲಗೆಯನ್ನು ಪೂರ್ತಿ ಖಾಲಿ ಮಾಡಿ ಈ ಮೂರಕ್ಕೇ ಮೀಸಲಿಡಿ. ತಾಮ್ರಪತ್ರ ಹಿಂದೆ ಒರಗಿರಲಿ, ಅದರ ಮುಂದೆ ಒಂದು ಬದಿಗೆ ಫೋಟೊ, ಇನ್ನೊಂದು ಬದಿಗೆ ಖಾದಿಯ ಚೌಕದ ಮೇಲೆ ತಕಲಿ ಮತ್ತು ಒಂದೆರಡು ಹಂಜಿ ಇರಲಿ. ತಕಲಿಯನ್ನು ಗಾಜಿನೊಳಗೆ ಮುಚ್ಚಿಡಬೇಡಿ. ಮನೆಗೆ ಬಂದ ಮಕ್ಕಳು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಲಿ, ಎಳೆ ಹೇಗೆ ಬರುತ್ತದೆಂದು ಅಜ್ಜಿ ತೋರಿಸಲಿ.

ತಾಮ್ರಪತ್ರ ಕಂದಿದೆಯೆಂದು ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಿ ತೊಳೆಯಬೇಡಿ. ಪೂಜೆಯ ತಾಮ್ರದ ಚೊಂಬಿಗೆ ಅದು ಸರಿ. ಅಕ್ಷರಗಳಿರುವ ಫಲಕವನ್ನು ಹುಳಿಯಿಂದ ಪದೇ ಪದೇ ಉಜ್ಜಿದರೆ ಅಕ್ಷರ ಸವೆಯುತ್ತದೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ಧೂಳು ತೆಗೆದರೆ ಸಾಕು, ವಯಸ್ಸಿನಿಂದ ಬಂದ ಕಂದು ಬಣ್ಣ ಅದಕ್ಕೆ ಶೋಭೆಯೇ. ಫೋಟೊದ ಒಳ್ಳೆಯ ಪ್ರತಿಯೊಂದನ್ನು ಮಾಡಿಸಿ ಅದಕ್ಕೆ ಕಟ್ಟು ಹಾಕಿಸಿ, ಮೂಲವನ್ನು ಬೆಳಕು ಮತ್ತು ತೇವ ತಾಗದ ಕಡೆ ಜೋಪಾನ ಮಾಡಿ. ಕಟ್ಟಿನ ಗಾಜು ಫೋಟೊಗೆ ನೇರವಾಗಿ ಅಂಟದಂತೆ ನಡುವೆ ರಟ್ಟಿನ ಅಂಚು ಇಡಲು ಹೇಳಿ, ಇಲ್ಲವಾದರೆ ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೇ ಕಚ್ಚಿಕೊಳ್ಳುತ್ತದೆ.

ಇನ್ನೊಂದು ಸೂಕ್ಷ್ಮವಿದೆ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ನಿಷೇಧಾಜ್ಞೆಯ ನಡುವೆಯೂ ಏರಿದ ಧ್ವಜದಲ್ಲಿ ಅಶೋಕ ಚಕ್ರವಿರಲಿಲ್ಲ, ಚರಕವಿತ್ತು. ಚಕ್ರವಿರುವ ಇಂದಿನ ಧ್ವಜವನ್ನು ಸಂವಿಧಾನ ರಚನಾ ಸಭೆ ಅಂಗೀಕರಿಸಿದ್ದು 1947ರ ಜುಲೈ 22ರಂದು. ಆದ್ದರಿಂದ ನಿಮ್ಮ ತಾತನ ಹಲಗೆಯಲ್ಲಿ ಇಂದಿನ ಧ್ವಜದ ಚಿತ್ರಕ್ಕಿಂತ ಆ ತಕಲಿಯೇ ಕಾಲಕ್ಕೆ ಹೆಚ್ಚು ನಿಷ್ಠವಾದ ಗುರುತು. ಒಂದು ಚಿಕ್ಕ ಕಾಗದದಲ್ಲಿ ತಾತನ ಹೆಸರು, ಹುಟ್ಟಿದ ಊರು, ‘ಶಿವಪುರ, ಏಪ್ರಿಲ್ 1938’ ಎಂದು ದುಂಡಾಗಿ ಬರೆದು ಫೋಟೊದ ಬುಡದಲ್ಲಿ ಇಡಿ. ಅದೇ ತಿಂಗಳ 25ರಂದು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಸೇರಿದ ಜನರ ಮೇಲೆ ಗೋಲೀಬಾರು ನಡೆದು ಹಲವರು ಪ್ರಾಣ ತೆತ್ತರು. ಆ ಸಾಲಿನಲ್ಲಿ ನಿಂತಿದ್ದವರ ಹೆಸರುಗಳು ಬಹುಪಾಲು ಮನೆಗಳಲ್ಲಿ ಮರೆತುಹೋಗಿವೆ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ.

ಪ್ರಶ್ನೆ: ಬಾಡಿಗೆ ಮನೆಯಲ್ಲಿದ್ದೇವೆ, ಮೊಳೆ ಹೊಡೆಯುವಂತಿಲ್ಲ. ಇರುವುದು ಎರಡು ಕಿರಿದಾದ ಹಲಗೆಗಳು. ಆಗಸ್ಟ್‌ನಿಂದ ಜನವರಿಯವರೆಗೆ ಸಾಲುಸಾಲಾಗಿ ಹಬ್ಬಗಳು. ಪ್ರತಿ ಬಾರಿಯೂ ಹೊಸದಾಗಿ ಖರ್ಚು ಮಾಡದೆ ಹೇಗೆ ನಿಭಾಯಿಸಲಿ? — ಉದ್ಯೋಗಸ್ಥ ಮಹಿಳೆ, ಬೆಂಗಳೂರು

ಬದಲಾಗದ ಮೂರು ವಸ್ತುಗಳನ್ನು ಮೊದಲು ನಿಗದಿ ಮಾಡಿಕೊಳ್ಳಿ: ಖಾದಿಯ ಹಾಸು, ಒಂದು ಹಿತ್ತಾಳೆ ಅಥವಾ ಮಣ್ಣಿನ ಪಾತ್ರೆ, ಒಂದು ಹಸಿರು ಗಿಡ. ಉಳಿದದ್ದನ್ನು ತಿಂಗಳಿಗೆ ತಕ್ಕಂತೆ ಬದಲಿಸುತ್ತ ಹೋಗಿ. ಆಗಸ್ಟಿನಲ್ಲಿ ಆ ಪಾತ್ರೆಯಲ್ಲಿ ಕನಕಾಂಬರವಿದ್ದರೆ ಗಣಪತಿ ಹಬ್ಬಕ್ಕೆ ಗರಿಕೆ ಬರುತ್ತದೆ. ದಸರೆಯಲ್ಲಿ ಗೊಂಬೆ ಕೂರಿಸುವ ರೂಢಿ ನಿಮ್ಮಲ್ಲಿದ್ದರೆ ಎರಡು ಹಲಗೆಗಳೇ ಮೆಟ್ಟಿಲುಗಳಾಗುತ್ತವೆ, ಚನ್ನಪಟ್ಟಣದ ಗೊಂಬೆಗಳಿಗೆ ಅಲ್ಲಿಯೂ ಜಾಗವಿದೆ.

ನವೆಂಬರ್ 1ಕ್ಕೆ ಹಳದಿ, ಕೆಂಪು ಬಣ್ಣಕ್ಕಾಗಿ ಅಂಗಡಿಗೆ ಹೋಗಬೇಕಿಲ್ಲ. ಎರಡು ಪುಟ್ಟ ಬಟ್ಟಲುಗಳಲ್ಲಿ ಅರಿಸಿನ, ಕುಂಕುಮ ತುಂಬಿ ಖಾದಿಯ ಮೇಲಿಟ್ಟು, ಪಕ್ಕದಲ್ಲಿ ನಿಮಗೆ ಪ್ರಿಯವಾದ ಎರಡು ಮೂರು ಕನ್ನಡ ಪುಸ್ತಕಗಳನ್ನು ಮುಖಪುಟ ಕಾಣುವಂತೆ ನಿಲ್ಲಿಸಿ. ರಾಜ್ಯ ಒಂದಾದದ್ದು 1956ರಲ್ಲಿ, ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ, ಎರಡೂ ಇದೇ ದಿನ. ದಿನಾಂಕ ಬರೆದ ಚೀಟಿಯೊಂದು ಪುಸ್ತಕಗಳ ನಡುವೆ ಇಣುಕುತ್ತಿದ್ದರೆ ಬಂದವರು ತಾವಾಗಿಯೇ ಕೇಳುತ್ತಾರೆ.

ಗಣರಾಜ್ಯೋತ್ಸವಕ್ಕೆ ನನ್ನ ಸಲಹೆ ತುಸು ಬೇರೆ. ಸಂಕ್ರಾಂತಿಯ ಸೇವಂತಿಗೆ ಇನ್ನೂ ಧಾರಾಳವಾಗಿ ಸಿಗುವ ಆ ದಿನಗಳಲ್ಲಿ ಬಿಳಿ ಸೇವಂತಿಗೆಯೊಂದನ್ನೇ ಪಾತ್ರೆಯಲ್ಲಿಟ್ಟು, ಸಂವಿಧಾನದ ಪ್ರಸ್ತಾವನೆಯ ಕನ್ನಡ ಪಾಠವನ್ನು ಕಟ್ಟು ಹಾಕಿಸಿ ಹಲಗೆಯ ಮೇಲೆ ಗೋಡೆಗೆ ಒರಗಿಸಿ, ಮೊಳೆ ಬೇಕಿಲ್ಲ. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಅದೇ ದಿನಾಂಕದಂದು. ಆದ್ದರಿಂದ ಮನೆಯಲ್ಲಿ ರಾಯಣ್ಣನ ಚಿಕ್ಕ ಚಿತ್ರವಿದ್ದರೆ ಎರಡನೆಯ ಹಲಗೆಯಲ್ಲಿ ಅದೊಂದನ್ನೇ ಇಡಿ. ಪ್ರಸ್ತಾವನೆಯ ಅಕ್ಷರಗಳು ಎರಡು ಹೆಜ್ಜೆ ದೂರದಿಂದ ಓದಲು ಬರುವಷ್ಟು ದೊಡ್ಡದಾಗಿರಲಿ. ಕಟ್ಟಿಗೆ ಸಾದಾ ತೇಗದ ಪಟ್ಟಿ ಸಾಕು. ಚಿನ್ನದ ಬಣ್ಣದ ಅಂಚು ಬೇಡ, ಅದು ಕಣ್ಣನ್ನು ಅಕ್ಷರದಿಂದ ಆಚೆ ಎಳೆಯುತ್ತದೆ.