ವೇಗದ ಸಾಲು ಇದ್ದೂ ತಡವೇಕೆ?

ಶೀಘ್ರ ತಪಾಸಣೆಯ ನಿಯಮವಿದ್ದರೂ, ಸುಸ್ತು ಮತ್ತು ತೂಕ ಇಳಿಕೆಯಿದ್ದ ನಿಮ್ಮ ತಂದೆಯವರ ಕ್ಯಾನ್ಸರ್ ಪತ್ತೆ ಏಕೆ ತಡವಾಯಿತು ಎಂದು ಕೇಳಿದ್ದೀರಿ. ದಿನಗಳ ಎಣಿಕೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮೊದಲು ನೋಡಬೇಕು. ಇಂಗ್ಲೆಂಡಿನಲ್ಲಿ ಹಿಂದೆ, ಮೊದಲು ನೋಡಿದ ವೈದ್ಯರು ತಜ್ಞರ ಬಳಿಗೆ ತುರ್ತಾಗಿ ಶಿಫಾರಸು ಮಾಡಿದ ಎರಡು ವಾರದೊಳಗೆ ಆ ತಜ್ಞರು ನೋಡಿದರೆ ಗುರಿ ಮುಟ್ಟಿದಂತೆ. ಬಯಾಪ್ಸಿ (ಅಂಗಾಂಶದ ತುಣುಕು ತೆಗೆದು ಮಾಡುವ ಪರೀಕ್ಷೆ) ವರದಿಗೆ ಆಮೇಲೆ ಎಷ್ಟು ಕಾದರೂ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಅದನ್ನು ಕೈಬಿಟ್ಟು, 28 ದಿನದೊಳಗೆ ಕ್ಯಾನ್ಸರ್ ಇದೆಯೋ ಇಲ್ಲವೋ ತಿಳಿಸುವ ಗುರಿಯನ್ನು ಮುಂದಿಟ್ಟರು. ನನ್ನ ಮಟ್ಟಿಗೆ ಇದು ಹೆಚ್ಚು ಪ್ರಾಮಾಣಿಕ ಅಳತೆ.

ಆದರೆ ಎರಡೂ ಶಿಫಾರಸಿನ ನಂತರದ ಲೆಕ್ಕವೇ. ಸ್ತನದಲ್ಲಿ ಗಂಟು ಕಂಡವರಿಗೆ ದಾರಿ ಸ್ಪಷ್ಟ. ಬರೀ ಸುಸ್ತು, ಮಂದ ಹೊಟ್ಟೆನೋವು ಇರುವವರು ಯಾವ ಸಾಲಿಗೂ ಸೇರದೆ ವಿಭಾಗದಿಂದ ವಿಭಾಗಕ್ಕೆ ಅಲೆಯುತ್ತಾರೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಮಯಲೋಮಾ (ಮೂಳೆ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್) ಎಷ್ಟೋ ಸಲ ತಡವಾಗುವುದು ಹೀಗೆಯೇ. ಡೆನ್ಮಾರ್ಕ್ ಇಂಥವರಿಗೆಂದೇ ರೋಗನಿರ್ಣಯ ಕೇಂದ್ರಗಳನ್ನು ತೆರೆಯಿತು.

ಬಯಾಪ್ಸಿಯನ್ನು ಪರೀಕ್ಷಿಸಿ ವರದಿ ಕೊಡುವ ಪೆಥಾಲಜಿಸ್ಟ್‌ಗಳ ಸಂಖ್ಯೆ ಹೆಚ್ಚಿಸದೆ ತುರ್ತು ಸಾಲನ್ನಷ್ಟೇ ಹಿಗ್ಗಿಸಿದರೆ ಸಾಮಾನ್ಯ ಸಾಲು ಇನ್ನೂ ನಿಧಾನವಾಗುತ್ತದೆ. ಕ್ಯಾನ್ಸರ್ ಇರುವವರು ಅಲ್ಲಿಯೂ ಇರುತ್ತಾರಲ್ಲ! ನಿಮ್ಮ ತಂದೆಯವರ ಶಿಫಾರಸು ಪತ್ರದಲ್ಲಿ ‘ತುರ್ತು’ ಎಂದಿತ್ತೇ, ‘ಸಾಮಾನ್ಯ’ ಎಂದಿತ್ತೇ ನೋಡಿ. ತಡ ಎಲ್ಲಿ ಆಯಿತೆಂದು ಹುಡುಕಲು ಅದೇ ಮೊದಲ ಸುಳಿವು.