ಲೀವ್ ಕ್ರಿಸ್ಟೀನ್: ಗಿಟಾರ್‌ಗಳ ಮಧ್ಯೆ ಒಂದು ಮೆತ್ತನೆ ದನಿ

ನಿಮ್ಮ ಪ್ರಶ್ನೆ ಇದು: "ಲೀವ್ಸ್ ಐಸ್ ತಂಡದ ಹಾಡು ಕೇಳಿದೆ. ಐರಿಶ್ ಜನಪದದ ಹಾಗೂ ಇದೆ, ಮೆಟಲ್ ಹಾಗೂ ಇದೆ. ಹಾಡಿದ ಲೀವ್ ಕ್ರಿಸ್ಟೀನ್ ಯಾರು? ಇಷ್ಟು ಮೆತ್ತಗೆ ಹಾಡುವವರು ಮೆಟಲ್‌ಗೆ ಹೇಗೆ ಬಂದರು? ಎಲ್ಲಿಂದ ಕೇಳಲು ಶುರು ಮಾಡಲಿ?"

ಈ ಪ್ರಶ್ನೆ ನೋಡಿ ನಿಜಕ್ಕೂ ಖುಷಿಯಾಯ್ತು. ಮೆಟಲ್ ಅಂದರೆ ಭಾರವಾದ ಗಿಟಾರ್ ಸದ್ದಿನ ರಾಕ್ ಸಂಗೀತ. ಅವರ ದನಿಯನ್ನು ನಾನು ಮೊದಲು ಕೇಳಿದ್ದು ಹಾಸ್ಟೆಲ್‌ನಲ್ಲಿ, ರೂಮ್‌ಮೇಟ್ ಕೊಟ್ಟ ಪೆನ್‌ಡ್ರೈವ್‌ನಿಂದ. ಯಾರೋ ಗುಡುಗುವ ಹಾಗೆ ಹಾಡುತ್ತಿದ್ದರು. ಸುಮ್ನೆ ಮುಂದಿನ ಹಾಡಿಗೆ ಹೋಗೋಣ ಅಂತ ಕೈ ಚಾಚಿದೆ. ಅಷ್ಟರಲ್ಲಿ ಆ ಗುಡುಗಿನ ಹಿಂದಿನಿಂದ ಒಂದು ಹೆಣ್ಣು ದನಿ ಬಂತು. ಮಲಗಿದ್ದವನು ಎದ್ದು ಕೂತೆ. ಆ ದನಿ ಗಿಟಾರ್ ಜೊತೆ ಜಗಳಕ್ಕೇ ಇಳಿದಿರಲಿಲ್ಲ. ಅಮ್ಮ ಒಳಗಿನ ಕೋಣೆಯಲ್ಲಿ ತನ್ನಷ್ಟಕ್ಕೆ ತಾನು ಹಾಡಿಕೊಳ್ಳುವ ಹಾಗಿತ್ತು. ಆದರೂ ಒಂದೊಂದು ಅಕ್ಷರವೂ ಕೇಳುತ್ತಿತ್ತು.

ಲೀವ್ ಕ್ರಿಸ್ಟೀನ್ ಎಸ್ಪೆನೇಸ್ ಹುಟ್ಟಿದ್ದು 1976ರ ಫೆಬ್ರವರಿ 14ರಂದು, ನಾರ್ವೆಯ ಸ್ಟಾವಾಂಗರ್‌ನಲ್ಲಿ. ಅದು ನೈಋತ್ಯ ಕರಾವಳಿಯ ಬಂದರು, ಈಗ ಎಣ್ಣೆ ಉದ್ಯಮದ ದೊಡ್ಡ ಊರು. ಎದುರಿಗೆ ಉತ್ತರ ಸಮುದ್ರ, ಅದರ ಆಚೆ ದಡದಲ್ಲಿ ಸ್ಕಾಟ್ಲೆಂಡ್. ಈ ಭೂಗೋಳ ನೆನಪಿರಲಿ, ಮುಂದೆ ಬೇಕಾಗುತ್ತದೆ.

1993ರಲ್ಲಿ ಅದೇ ಊರಿನಲ್ಲಿ ಥಿಯೇಟರ್ ಆಫ್ ಟ್ರ್ಯಾಜಿಡಿ ಅನ್ನುವ ತಂಡ ಹುಟ್ಟಿತು. ಲೀವ್‌ಗೆ ಆಗ 17. ರೇಮಂಡ್ ರೊಹೋನಿ ಅನ್ನುವವರು ಗ್ರೌಲ್ ಮಾಡುತ್ತಿದ್ದರು. ಗ್ರೌಲ್ ಅಂದರೆ ಗಂಟಲಾಳದಿಂದ ಬರುವ ಗರ್ಜನೆ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವಾಗ ಕೊಡುವ ಆರ್ಭಟ ನೆನಪಿಸಿಕೊಳ್ಳಿ, ಹೆಚ್ಚು ಕಮ್ಮಿ ಅದೇ. ಆ ಆರ್ಭಟಕ್ಕೆ ಲೀವ್ ಉತ್ತರ ಕೊಡುತ್ತಿದ್ದರು. ಒಬ್ಬ ಗುಡುಗಿದರೆ ಇನ್ನೊಬ್ಬಳು ಪಿಸುಮಾತಿಗಿಂತ ತುಸು ಮೇಲಿನ ದನಿಯಲ್ಲಿ ಹಾಡುತ್ತಾಳೆ. ಸಾಹಿತ್ಯವೂ ಹಳೇ ಕಾಲದ ಇಂಗ್ಲಿಷ್‌ನಲ್ಲಿ, ನಾಟಕದ ಸಂಭಾಷಣೆಯ ಹಾಗೆ. ಪತ್ರಿಕೆಗಳು ಇದಕ್ಕೆ 'ಬ್ಯೂಟಿ ಆಂಡ್ ದ ಬೀಸ್ಟ್' ಶೈಲಿ ಅಂದವು. ಹೆಣ್ಣು ದನಿಯನ್ನು ಮೆಟಲ್‌ಗೆ ತಂದವರಲ್ಲಿ ಇವರೇ ಮೊದಲಿಗರಲ್ಲ. ಇಂಗ್ಲೆಂಡಿನ ಪ್ಯಾರಡೈಸ್ ಲಾಸ್ಟ್ ತಂಡ 1991ರಲ್ಲೇ ಅಲ್ಲಲ್ಲಿ ಬಳಸಿತ್ತು. ಆದರೆ ಇಡೀ ಹಾಡನ್ನೇ ಇಬ್ಬರ ಮಾತುಕತೆಯಾಗಿ ಕಟ್ಟಿ, ಅದನ್ನು ಒಂದು ದಾರಿಯನ್ನಾಗಿ ಮಾಡಿದ್ದು ಈ ತಂಡ. 1995ರ ಮೊದಲ ಆಲ್ಬಮ್, 1996ರ 'ವೆಲ್ವೆಟ್ ಡಾರ್ಕ್‌ನೆಸ್ ದೇ ಫಿಯರ್', 1998ರ 'ಏಜಿಸ್', ಇವು ಮೂರನ್ನೂ ಬಿಡದೆ ಕೇಳಬೇಕು. ಸ್ಟಾವಾಂಗರ್‌ನಿಂದಲೇ ಆಮೇಲೆ ಟ್ರಿಸ್ಟಾನಿಯಾ ಬಂತು, ಸಿರೇನಿಯಾ ಬಂತು. ಒಂದೇ ಊರಿನಿಂದ ಇಷ್ಟೊಂದು ತಂಡ!

2000ದಲ್ಲಿ ತಂಡ ಎಲೆಕ್ಟ್ರಾನಿಕ್ ಸದ್ದಿನ ಕಡೆ ಹೊರಳಿತು. ಆ ಸದ್ದಿನಲ್ಲಿ ಬಂದ ಎರಡು ಆಲ್ಬಮ್ ನನಗೆ ಅಷ್ಟಾಗಿ ಹಿಡಿಸಲಿಲ್ಲ. 2003ರಲ್ಲಿ ತಂಡ ಲೀವ್ ಅವರನ್ನು ಕೈಬಿಟ್ಟಿತು. ಹತ್ತು ವರ್ಷ ಆ ತಂಡದ ಗುರುತೇ ಆಗಿದ್ದ ದನಿ ಅದು. ಬೇರೆ ಗಾಯಕಿ ಬಂದರು, 2010ರಲ್ಲಿ ತಂಡವೇ ನಿಂತಿತು.

ಅಷ್ಟರಲ್ಲಿ ಲೀವ್ ಜರ್ಮನಿಯಲ್ಲಿದ್ದರು. ಅಲ್ಲಿನ ಅಟ್ರಾಸಿಟಿ ಅನ್ನುವ ಮೆಟಲ್ ತಂಡದ ಅಲೆಕ್ಸಾಂಡರ್ ಕ್ರುಲ್ ಅವರನ್ನು ಮದುವೆಯಾಗಿದ್ದರು. ಅವರೂ ಆ ತಂಡದವರೂ ಲೀವ್ ಜೊತೆ ಸೇರಿ 2003ರಲ್ಲೇ ಹೊಸ ತಂಡ ಕಟ್ಟಿದರು. ಹೆಸರು ಲೀವ್ಸ್ ಐಸ್. ಈ ಹೆಸರಲ್ಲೊಂದು ಚಂದದ ಆಟ ಇದೆ. ಇಂಗ್ಲಿಷ್‌ನಲ್ಲಿ ಬರೆದದ್ದನ್ನು ನೋಡಿದರೆ ಎಲೆಗಳ ಕಣ್ಣು. ಬಾಯಿ ಬಿಟ್ಟು ಹೇಳಿದರೆ ಲೀವ್ ಅವರ ಕಣ್ಣು. ಲೀವ್ ಅಂದರೆ ನಾರ್ವೇಜಿಯನ್‌ನಲ್ಲಿ ಬದುಕು ಅಂತಲೂ ಅರ್ಥ. ಇಡೀ ತಂಡದ ಹೆಸರೇ ಅವರ ಹೆಸರಿನ ಮೇಲೆ ನಿಂತಿತ್ತು. 2004ರಲ್ಲಿ ಮೊದಲ ಆಲ್ಬಮ್ 'ಲವ್‌ಲಾರ್ನ್'. 2005ರಲ್ಲಿ 'ವಿನ್‌ಲ್ಯಾಂಡ್ ಸಾಗಾ', ನಾವಿಕ ಲೇಫ್ ಎರಿಕ್‌ಸನ್ ಸುಮಾರು ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಉತ್ತರ ಅಮೆರಿಕ ಮುಟ್ಟಿದ ಕಥೆ. ನಡುವೆ 2004ರಲ್ಲೇ ಇಂಗ್ಲೆಂಡಿನ ಕ್ರೇಡಲ್ ಆಫ್ ಫಿಲ್ತ್ ತಂಡದ 'ನಿಂಫೆಟಮೈನ್' ಹಾಡಿನಲ್ಲಿ ಅತಿಥಿಯಾಗಿ ಹಾಡಿದರು. ಅದು ಗ್ರ್ಯಾಮಿ ನಾಮನಿರ್ದೇಶನ ಪಡೆಯಿತು. ತುಂಬಾ ಜನ ಅವರ ದನಿಯನ್ನು ಮೊದಲು ಕೇಳಿದ್ದು ಅಲ್ಲೇ.

ಈಗ ನೀವು ಕೇಳಿದ ಐರಿಶ್ ವಿಷಯಕ್ಕೆ ಬರೋಣ. ನಾರ್ವೆಯವರಿಗೂ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕೆಲ್ಟಿಕ್ ಜನಪದ ಸಂಗೀತಕ್ಕೂ ಏನು ಸಂಬಂಧ ಅಂತ ನನಗೂ ಅನ್ನಿಸಿತ್ತು. ನಕ್ಷೆ ತೆಗೆದು ನೋಡಿದರೆ ಅರ್ಥವಾಗುತ್ತದೆ. 841ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಠಾಣ್ಯ ಹೂಡಿದ್ದು ವೈಕಿಂಗರು, ಅಂದರೆ ನಾರ್ವೆ ಕಡೆಯಿಂದ ಬಂದ ಕಡಲಯೋಧರು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ, ಶೆಟ್‌ಲ್ಯಾಂಡ್ ದ್ವೀಪಗಳು ಶತಮಾನಗಟ್ಟಲೆ ನಾರ್ವೆಯ ಕೈಯಲ್ಲಿದ್ದವು. 1468-69ರಲ್ಲಿ ಡೆನ್ಮಾರ್ಕ್-ನಾರ್ವೆಯ ರಾಜ ಮಗಳ ವರದಕ್ಷಿಣೆಗೆ ದುಡ್ಡು ಹೊಂದಿಸಲಾಗದೆ ಅವನ್ನು ಸ್ಕಾಟ್ಲೆಂಡಿಗೆ ಅಡ ಇಟ್ಟ. ಬಿಡಿಸಿಕೊಳ್ಳಲು ಆಗಲೇ ಇಲ್ಲ. ಒಂದೇ ಸಮುದ್ರದ ಎರಡು ದಡದವರು, ಹಾಡು-ಕಥೆ ಅತ್ತಿತ್ತ ಹೋಗದೇ ಇರುತ್ತವಾ?

2009ರ 'ನ್ಯೋರ್ಡ್' ಆಲ್ಬಮ್‌ನಲ್ಲಿ ಇದು ಚೆನ್ನಾಗಿ ಕೇಳುತ್ತದೆ. ನ್ಯೋರ್ಡ್ ಅಂದರೆ ನಾರ್ವೆ ಕಡೆಯ ಹಳೇ ನಾರ್ಸ್ ಪುರಾಣದ ಸಮುದ್ರ ದೇವರು. ಬೆಲಾರುಸ್‌ನ ಮಿನ್ಸ್ಕ್‌ನ ಆರ್ಕೆಸ್ಟ್ರಾ ಹಿಂದೆ ನುಡಿಸಿದೆ. ಅದರಲ್ಲೇ 'ಐರಿಶ್ ರೇನ್', 'ಎಮರಾಲ್ಡ್ ಐಲ್ಯಾಂಡ್' ಅನ್ನುವ ಹಾಡುಗಳಿವೆ, ಇಂಗ್ಲೆಂಡಿನ ಹಳೇ ಜನಪದ ಗೀತೆ 'ಸ್ಕಾರ್‌ಬರೊ ಫೇರ್' ಕೂಡ ಇದೆ. ಕೆಲ್ಟಿಕ್ ಬಣ್ಣ ಅಂದರೆ ಏನು ಅಂತ ಕೇಳಿದರೆ, ಎರಡು ಗುರುತು ಹೇಳುತ್ತೇನೆ. ಒಂದು, ಕೆಳಗೆ ಒಂದೇ ಸ್ವರ ಬಿಡದೆ ಹರಿಯುತ್ತಿರುತ್ತದೆ, ನಮ್ಮ ತಂಬೂರಿ ಶ್ರುತಿಯ ಹಾಗೆ. ಐರ್ಲೆಂಡಿನ ಪೈಪ್ ವಾದ್ಯದ ಸ್ವಭಾವವೇ ಅದು. ಅದಕ್ಕೆ ಗಾಳಿ ಊದುವುದು ಬಾಯಿಂದಲ್ಲ, ಮೊಣಕೈ ಕೆಳಗಿನ ತಿದಿಯಿಂದ. ಎರಡು, ತಾಳ ಮೂರು ಮೂರಾಗಿ ಕುಣಿಯುತ್ತದೆ, ತಿಶ್ರ ನಡೆಯ ಹಾಗೆ. ಇವೆರಡೂ ಇರುವ ಕಡೆ ಲೀವ್ ಅವರ ದನಿಗೆ ಜಾಗ ತಾನಾಗಿಯೇ ಸಿಗುತ್ತದೆ. ಕಿರುಚುವ ಅಗತ್ಯವೇ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2011ರ 'ಮೆರೆಡೆಡ್'. ಅದರಲ್ಲಿ ಏಡೀನ್ ಅನ್ನುವವಳ ಹೆಸರಿನ ಹಾಡಿದೆ. ಏಡೀನ್ ಐರ್ಲೆಂಡಿನ ಪುರಾಣದ ಚೆಲುವೆ. ಮಿದಿರ್ ಅನ್ನುವವನ ಎರಡನೇ ಹೆಂಡತಿ. ಸವತಿ ಮತ್ಸರದಲ್ಲಿ ಮೊದಲನೆಯವಳು ಇವಳನ್ನು ನೀರಾಗಿಸುತ್ತಾಳೆ. ನೀರು ಹುಳುವಾಗುತ್ತದೆ, ಹುಳು ನೊಣವಾಗುತ್ತದೆ. ಹಳೇ ಕಥೆಯಲ್ಲಿ ಆ ನೊಣದ ರೆಕ್ಕೆಯ ಗುಂಯ್‌ಗುಟ್ಟುವ ಸದ್ದು ಪೈಪಿಗಿಂತ, ಹಾರ್ಪ್‌ಗಿಂತ ಇಂಪಾಗಿತ್ತಂತೆ. ಸವತಿ ಬಿಡುವುದಿಲ್ಲ, ಗಾಳಿ ಎಬ್ಬಿಸಿ ಅದನ್ನು ವರ್ಷಗಟ್ಟಲೆ ಅಲೆಸುತ್ತಾಳೆ. ಕೊನೆಗೆ ನೊಣ ಒಬ್ಬ ಹೆಂಗಸಿನ ಲೋಟಕ್ಕೆ ಬೀಳುತ್ತದೆ. ಆಕೆ ಕುಡಿದು ಬಸಿರಾಗಿ, ಏಡೀನ್ ಮತ್ತೆ ಹುಟ್ಟುತ್ತಾಳೆ. ಈ ಕಥೆ ಓದಿದ ಮೇಲೆ ಆ ಹಾಡು ನನಗೆ ಬೇರೆಯೇ ಆಗಿ ಕೇಳಿತು. ಗಾಳಿಯ ಹೊಡೆತದ ನಡುವೆ ಒಂದು ಸಣ್ಣ ಇಂಪು, ಲೀವ್ ಹಾಡುವುದೂ ಹಾಗೇ ಅಲ್ವಾ?

ಅದೇ ಆಲ್ಬಮ್‌ನಲ್ಲಿ 'ಕ್ರೋಕೆವೀಸಾ' ಇದೆ, ಅಂದರೆ ಕಾಗೆ ಹಾಡು. ನಾರ್ವೆಯ ಜನಪದ. ಒಬ್ಬ ಒಂದು ಕಾಗೆ ಹೊಡೆದು, ಅದರ ಚರ್ಮದಿಂದ ಡಜನ್ ಜೊತೆ ಚಪ್ಪಲಿ ಹೊಲಿಸಿದೆ, ಹೀಗೇ ಒಂದೊಂದು ಅಂಗದಿಂದ ಒಂದೊಂದು ಮಾಡಿದೆ ಅಂತ ಬೊಗಳೆ ಬಿಡುತ್ತಾನೆ. ಲೀವ್ ಅವರ ತಂಗಿ ಕಾರ್ಮೆನ್ ಎಲಿಸ್ ಕೂಡ ಇದೇ ಆಲ್ಬಮ್‌ನ 'ಸಿಗ್‌ರ್‌ಲಿನ್' ಹಾಡಿಗೆ ದನಿ ಕೊಟ್ಟಿದ್ದಾರೆ. ಆಕೆ ಮಿಡ್‌ನಾಟ್‌ಸೋಲ್ ಅನ್ನುವ ತಂಡದ ಗಾಯಕಿ. 2013ರ 'ಸಿಂಫನೀಸ್ ಆಫ್ ದ ನೈಟ್' ಫ್ರಾನ್ಸಿನ ವೀರವನಿತೆ ಜೋನ್ ಆಫ್ ಆರ್ಕ್‌ನಂಥ ಹೆಂಗಸರ ಕಥೆಗಳದ್ದು, ಅದೂ ಚೆನ್ನಾಗಿದೆ.

2015ರ 'ಕಿಂಗ್ ಆಫ್ ಕಿಂಗ್ಸ್' ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ನಾರ್ವೆಯನ್ನು ಒಂದು ಮಾಡಿದ ರಾಜ ಹೆರಾಲ್ಡ್‌ನ ಕಥೆ. ಅವನು ಗೆದ್ದ ಹಾಫ್ರ್ಸ್‌ಫ್ಯೋರ್ಡ್ ಯುದ್ಧ ನಡೆದದ್ದು ಸ್ಟಾವಾಂಗರ್ ಪಕ್ಕದಲ್ಲೇ. ಅಲ್ಲಿ ನೀರಿನ ಅಂಚಿನ ಬಂಡೆಯಲ್ಲಿ ಮೂರು ಭಾರೀ ಕಂಚಿನ ಕತ್ತಿಗಳನ್ನು ನೆಟ್ಟಿದ್ದಾರೆ, 1983ರಲ್ಲಿ. ಲೀವ್‌ಗೆ ಆಗ ಏಳು ವರ್ಷ. ಆಲ್ಬಮ್‌ನಲ್ಲಿ 'ಸೋರ್ಡ್ಸ್ ಇನ್ ರಾಕ್' ಅನ್ನುವ ಹಾಡು ಆ ಕತ್ತಿಗಳದ್ದೇ. ಚಿಕ್ಕಂದಿನ ಊರನ್ನು ಅವರು ಅಷ್ಟು ದೂರದಿಂದ ಹಾಡಿಗೆ ತಂದರು.

ಆ ತಂಡದ ಜೊತೆ ಅದೇ ಕೊನೆಯ ಆಲ್ಬಮ್. 2016ರ ಏಪ್ರಿಲ್‌ನಲ್ಲಿ ಲೀವ್ ತಂಡದಲ್ಲಿಲ್ಲ ಅನ್ನುವ ಪ್ರಕಟಣೆ ಬಂತು. ದಾಂಪತ್ಯವೂ ಮುಗಿದಿತ್ತು. ಫಿನ್‌ಲ್ಯಾಂಡಿನ ಎಲಿನಾ ಸೀರಾಲಾ ಬಂದರು, ಒಳ್ಳೆಯ ಗಾಯಕಿ, ಅವರದ್ದೇನೂ ತಪ್ಪಿಲ್ಲ. ಒಳಗೆ ಏನಾಯಿತು ಅನ್ನುವುದು ಅವರವರ ಮನೆ ವಿಷಯ. ನನಗೆ ನೋವಾದದ್ದು ಇಷ್ಟಕ್ಕೆ: ಲೀವ್ ಹೆಸರಿನ ತಂಡ ಉಳಿಯಿತು, ಲೀವ್ ಹೊರಗಿದ್ದರು. ಅವತ್ತು ಸಂಜೆ ನಾನು 'ಮೆರೆಡೆಡ್' ಪೂರ್ತಿ ಕೇಳಿದೆ.

ಆದರೆ ಅವರು ಸುಮ್ಮನೆ ಕೂರಲಿಲ್ಲ. ತಂಗಿಯ ಮಿಡ್‌ನಾಟ್‌ಸೋಲ್ ಸೇರಿ 2018ರಲ್ಲಿ 'ದ ಆಫ್ಟರ್‌ಮಾತ್' ಮಾಡಿದರು. ಅಕ್ಕ-ತಂಗಿಯ ದನಿ ಒಂದರೊಳಗೊಂದು ಸೇರುವುದನ್ನು ಹೆಡ್‌ಫೋನ್ ಹಾಕಿ ಕೇಳಬೇಕು. ತಮ್ಮದೇ ಹೆಸರಿನಲ್ಲಿ 1998ರಿಂದಲೂ ಆಲ್ಬಮ್ ಮಾಡುತ್ತಾ ಬಂದಿದ್ದರು, 2023ರಲ್ಲಿ 'ರಿವರ್ ಆಫ್ ಡೈಮಂಡ್ಸ್' ಬಂತು. ಅದರಲ್ಲಿ ಪೋರ್ಚುಗಲ್‌ನ ಮೂನ್‌ಸ್ಪೆಲ್ ತಂಡದ ಫೆರ್ನಾಂಡೊ ರಿಬೇರೊ ಜೊತೆ ಹಾಡಿದ್ದಾರೆ. ಮತ್ತೆ ಒಂದು ಭಾರದ ಗಂಡು ದನಿ, ಪಕ್ಕದಲ್ಲಿ ಅದೇ ತಿಳಿ ದನಿ.

ಎಲ್ಲಿಂದ ಶುರು ಮಾಡುವುದು ಅಂದರೆ, ನಿಮಗೆ ಈಗಾಗಲೇ ಜನಪದದ ಕಡೆ ಒಲವಿದೆ. ಮೊದಲು 'ಐರಿಶ್ ರೇನ್' ಕೇಳಿ. ಆಮೇಲೆ 'ಮೆರೆಡೆಡ್' ಪೂರ್ತಿ. ಗ್ರೌಲ್ ಅಭ್ಯಾಸವಿಲ್ಲದಿದ್ದರೆ ಹಳೆಯದರಲ್ಲಿ 'ಏಜಿಸ್' ಮೊದಲು ಕೇಳಿ. ಅದರಲ್ಲಿ ರೇಮಂಡ್ ಗರ್ಜಿಸುವುದನ್ನು ಬಿಟ್ಟು ಮಾತಾಡುವ ಹಾಗೆ ಹಾಡಿದ್ದಾರೆ. ಕಿವಿ ಹೊಂದಿಕೊಂಡ ಮೇಲೆ 1996ರ ಆಲ್ಬಮ್‌ಗೆ ಹೋಗಿ. ಮೊದಲ ಗುಡುಗಿಗೆ ಹೆದರಿ ಹಾಡು ಬದಲಿಸಬೇಡಿ, ಒಂದೆರಡು ನಿಮಿಷ ಕಾಯಿರಿ, ಅವರು ಬರುತ್ತಾರೆ.