ಪುಸ್ತಕ ಇದೆಯಾ ಅಂತ ಮನೆಯಿಂದಲೇ ನೋಡಬಹುದಾ?

ಪ್ರಶ್ನೆ: ತಾಲೂಕು ಗ್ರಂಥಾಲಯಕ್ಕೆ ಬಸ್ ಹಿಡಿದು ಹೋಗ್ತೀನಿ, ಎಷ್ಟೋ ಸಲ ಬೇಕಾದ ಪುಸ್ತಕವೇ ಇರುವುದಿಲ್ಲ. ಮೊಬೈಲ್‌ನಲ್ಲೇ ನೋಡುವ ಹಾಗೆ ಮಾಡೋಕೆ ತುಂಬಾ ಖರ್ಚಾಗುತ್ತಾ?

ಉತ್ತರ: ಸಾಫ್ಟ್‌ವೇರ್‌ಗಂತೂ ದುಡ್ಡು ಕೊಡಬೇಕಿಲ್ಲ. ಕೊಹಾ ಅನ್ನುವ ಗ್ರಂಥಾಲಯ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ನ್ಯೂಜಿಲೆಂಡ್‌ನ ಒಂದು ಸಾರ್ವಜನಿಕ ಗ್ರಂಥಾಲಯಕ್ಕಾಗಿ ಮಾಡಿದ್ದು, 2000ದಲ್ಲಿ ಅಲ್ಲಿ ಬಳಕೆಗೆ ಬಂತು. ಈಗ ಭಾರತದ ಎಷ್ಟೋ ಕಾಲೇಜುಗಳಲ್ಲೂ ಇದೆ. ಪುಸ್ತಕ ಕಪಾಟಿನಲ್ಲಿದೆಯಾ, ಯಾರಾದರೂ ಒಯ್ದಿದ್ದಾರಾ, ಯಾವತ್ತು ವಾಪಸ್ ಬರಬೇಕು, ಎಲ್ಲವನ್ನೂ ಓದುಗರು ಬ್ರೌಸರ್‌ನಲ್ಲೇ ನೋಡಬಹುದು, ಕಾಯ್ದಿರಿಸಲೂಬಹುದು. ಸರ್ವರ್, ಇಂಟರ್ನೆಟ್, ನೋಡಿಕೊಳ್ಳುವವರ ಸಂಬಳಕ್ಕೆ ಮಾತ್ರ ಖರ್ಚು ಇದ್ದೇ ಇದೆ.

ನಿಜವಾದ ಕೆಲಸ ಇರುವುದು ಪಟ್ಟಿ ಮಾಡುವುದರಲ್ಲಿ. ಹೊಸ ಪುಸ್ತಕವಾದರೆ ಅದರ ಮೇಲಿರುವ ಐಎಸ್‌ಬಿಎನ್ ಎಂಬ ಗುರುತಿನ ಸಂಖ್ಯೆ ಹೊಡೆದು ಬೇರೆ ಗ್ರಂಥಾಲಯದ ವಿವರ ಎಳೆದುಕೊಳ್ಳಬಹುದು, ಆದರೆ ಹಳೆಯ ಕನ್ನಡ ಪುಸ್ತಕಗಳಿಗೆ ಆ ಸಂಖ್ಯೆಯೇ ಇಲ್ಲ, ಕೈಯಲ್ಲೇ ಟೈಪ್ ಮಾಡಬೇಕು. ಅದೂ ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲೇ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಸುಮ್ನೆ ಹಾಗೇ ಹಾಕಿದರೆ ಹುಡುಕಿದಾಗ ಏನೂ ಸಿಗುವುದಿಲ್ಲ. ಇನ್ನೊಂದು, ಕುವೆಂಪು ಅಂತ ಹುಡುಕಿದರೂ ಕೆ.ವಿ. ಪುಟ್ಟಪ್ಪ ಅಂತ ಹುಡುಕಿದರೂ ಅವೇ ಪುಸ್ತಕಗಳು ಬರಬೇಕು ಅಲ್ವಾ? ಎರಡು ಹೆಸರನ್ನೂ ಜೋಡಿಸುವ ಸೌಲಭ್ಯ ಕೊಹಾದಲ್ಲಿದೆ, ಜೋಡಿಸುವುದಕ್ಕೆ ಪುಸ್ತಕ ಗೊತ್ತಿರುವ ಮನುಷ್ಯರೇ ಬೇಕು. ನನ್ನ ಪ್ರಕಾರ ಆ್ಯಪ್ ಮಾಡಿಸುವ ದುಡ್ಡನ್ನು ಮೊದಲು ಇದಕ್ಕೇ ಹಾಕಬೇಕು.

ನಿಮ್ಮ ಗ್ರಂಥಪಾಲಕರನ್ನು ಕೇಳಿ ನೋಡಿ: ಪುಸ್ತಕಗಳ ಪಟ್ಟಿ ಈಗ ಕಂಪ್ಯೂಟರ್‌ನಲ್ಲಿದೆಯಾ, ಇನ್ನೂ ರಿಜಿಸ್ಟರ್‌ನಲ್ಲೇ ಇದೆಯಾ?